ಕಂಡೂಮಣಿದರ್ಪಣ

ಕನ್ನಡದಲ್ಲಿ ಶಾಸ್ತ್ರಗ್ರಂಥಗಳಿಗೆ ಬರವಿಲ್ಲ. ದನಗಳ ಕಾಯಿಲೆಗೆ ಕೀರ್ತಿವರ್ಮನ ‘ಗೋವೈದ್ಯ’ವಿದೆ, ವಿಷಕ್ಕೆ ಮಂಗರಾಜನ ‘ಖಗೇಂದ್ರಮಣಿದರ್ಪಣ’ವಿದೆ, ವ್ಯಾಕರಣಕ್ಕೆ ಕೇಶಿರಾಜನ ‘ಶಬ್ದಮಣಿದರ್ಪಣ’, ಅಡುಗೆಗೆ ಮೂರನೆಯ ಮಂಗರಸನ ‘ಸೂಪಶಾಸ್ತ್ರ’. ಈ ನಾಲ್ವರೂ ಓಲೆಗರಿಯ ಮುಂದೆ ಕುಳಿತಾಗ ನಡುನಡುವೆ ಕಂಟವನ್ನು ಕೆಳಗಿಟ್ಟು ಎಲ್ಲೋ ಒಂದು ಕಡೆ ಕೆರೆದುಕೊಂಡೇ ಇರುತ್ತಾರೆ. ಆದರೂ ತುರಿಕೆಗೇ ಮೀಸಲಾದ ಗ್ರಂಥವನ್ನು ಇವರಲ್ಲಿ ಯಾರೂ ಬರೆಯಲಿಲ್ಲ. ಆ ಕೊರತೆಯನ್ನು ತುಂಬಲು ಈ ಅಲ್ಪಮತಿಯ ಪ್ರಯತ್ನ.

ಶಾಸ್ತ್ರವೆಂದ ಮೇಲೆ ಮೊದಲು ಲಕ್ಷಣ. ಕೆರೆದುಕೊಳ್ಳಬೇಕು ಎನ್ನಿಸುವುದು ಯಾವುದೋ ಅದೇ ತುರಿಕೆ. ನಗುವ ಕಾರಣವಿಲ್ಲ, 1660ರಲ್ಲಿ ಜರ್ಮನಿಯ ವೈದ್ಯ ಸಾಮ್ಯುಯೆಲ್ ಹಾಫೆನ್‌ರೆಫರ್ ಹೆಚ್ಚುಕಡಿಮೆ ಇದನ್ನೇ ಹೇಳಿದ, ಇಂದಿನ ಚರ್ಮವೈದ್ಯರೂ ಅದನ್ನೇ ಇಟ್ಟುಕೊಂಡಿದ್ದಾರೆ. ತಾರ್ಕಿಕರು ಇಲ್ಲಿ ಅನ್ಯೋನ್ಯಾಶ್ರಯ ದೋಷ ಹಿಡಿಯಬಹುದು. ತುರಿಕೆ ಎಂದರೇನು? ಕೆರೆಯಬೇಕೆನಿಸುವುದು. ಕೆರೆಯುವುದೇಕೆ? ತುರಿಸುತ್ತದೆ, ಅದಕ್ಕೆ. ದೋಷ ನಿಜ. ಆದರೆ ವಿಷಯದ ಗುಟ್ಟು ಇರುವುದೂ ಆ ದೋಷದಲ್ಲೇ. ನೋಟವನ್ನು ಬೆಳಕಿನಿಂದ, ಕೇಳುವಿಕೆಯನ್ನು ಸದ್ದಿನಿಂದ, ರುಚಿಯನ್ನು ನಾಲಿಗೆಗೆ ತಾಗಿದ ವಸ್ತುವಿನಿಂದ ಗುರುತಿಸುತ್ತೇವೆ. ತುರಿಕೆಯೊಂದನ್ನು ಮಾತ್ರ ನಮ್ಮ ಕೈ ಏನು ಮಾಡಹೊರಡುತ್ತದೆ ಎಂಬುದರಿಂದ ಗುರುತಿಸಬೇಕಾಗಿದೆ. ಆದ್ದರಿಂದ ಈ ಗ್ರಂಥದ ಭೇದಗಳೆಲ್ಲ ಕೈಯನ್ನು ಹಿಡಿದೇ ನಡೆಯುತ್ತವೆ. ಬಾಯಿತೀಟೆ, ಕಾಲುಕೆರೆದು ಜಗಳಕ್ಕೆ ಹೋಗುವುದು, ದುಡ್ಡು ಬರುವ ಮುನ್ಸೂಚನೆಯೆಂದು ಅಂಗೈ ತುರಿಸುವುದು ಇವೆಲ್ಲ ಲಾಕ್ಷಣಿಕರಿಗೂ ಜೋಯಿಸರಿಗೂ ಸೇರಿದವು. ಅವನ್ನು ಇಲ್ಲಿಂದಲೇ ಕೈಬಿಟ್ಟಿದೆ.

ಇನ್ನು ಪೂರ್ವಪಕ್ಷ. ತುರಿಕೆ ಬೇರೆಯೇ ಒಂದು ಸಂವೇದನೆಯಲ್ಲ, ನೋವಿನದೇ ಎಳಸು ರೂಪ. ನರ ಜೋರಾಗಿ ಮಿಡಿದರೆ ನೋವು, ಮೆಲ್ಲಗೆ ಮಿಡಿದರೆ ತುರಿಕೆ. ಇಪ್ಪತ್ತನೆಯ ಶತಮಾನದ ಬಹುಭಾಗ ಈ ಮತವೇ ಮೇಲುಗೈಯಾಗಿತ್ತು. ಆಧಾರಗಳೂ ಇದ್ದವು. ತಾಳಲಾರದ ನೋವಿಗೆಂದು ಶಸ್ತ್ರವೈದ್ಯರು ಬೆನ್ನುಹುರಿಯ ಕೆಲವು ಎಳೆಗಳನ್ನು ಕತ್ತರಿಸಿದಾಗ ನೋವಿನ ಜೊತೆಗೆ ತುರಿಕೆಯೂ ಹೋಗುತ್ತಿತ್ತು. ಎರಡರ ಸುದ್ದಿಯೂ ಬೆನ್ನುಹುರಿಯಲ್ಲಿ ಎದುರು ಬದಿಗೆ ದಾಟಿ ಒಂದೇ ಹಾದಿಯಲ್ಲಿ ಮಿದುಳಿಗೆ ಏರುತ್ತದೆ ಎಂಬುದೂ ಸರಿಯೇ. ಆದರೆ ಒಂದೇ ಬಸ್ಸಿನಲ್ಲಿ ಬಂದವರೆಲ್ಲ ಒಂದೇ ಮನೆಯವರು ಎಂದು ಕಂಡಕ್ಟರ್ ಕೂಡ ಹೇಳಲಾರ.

ಸಿದ್ಧಾಂತ: ತುರಿಕೆ ಬೇರೆ, ನೋವು ಬೇರೆ. ನೋವು ಹಲ್ಲಿನಲ್ಲಿ, ಮೂಳೆಯಲ್ಲಿ, ಕರುಳಿನಲ್ಲಿ ಬರುತ್ತದೆ. ಕರುಳು ತುರಿಸುತ್ತದೆ ಎಂದು ಯಾವ ರೋಗಿಯೂ ಡಾಕ್ಟರ ಬಳಿ ಹೋಗಿಲ್ಲ. ತುರಿಕೆ ಚರ್ಮದ್ದು, ಜೊತೆಗೆ ಕಣ್ಣು, ಮೂಗು, ಗಂಟಲಿನ ಅಂಚುಗಳದ್ದು. ಅದರಲ್ಲೂ ಚರ್ಮದ ಮೇಲ್ಪದರದ್ದು. ಆ ಪದರ ಪೂರ್ತಿ ಕಿತ್ತುಹೋದ ಜಾಗ ಉರಿಯುತ್ತದೆ, ತುರಿಸುವುದಿಲ್ಲ. ಮಾಯತೊಡಗಿದಾಗಲೇ ಅಲ್ಲಿ ತುರಿಕೆ. ಎರಡನೆಯ ಆಧಾರ ಆಪರೇಷನ್ ಥಿಯೇಟರಿನಿಂದ ಬಂದದ್ದು. ಸಿಸೇರಿಯನ್ ಸಮಯದಲ್ಲಿ ಬೆನ್ನಿಗೆ ಕೊಡುವ ಚುಚ್ಚುಮದ್ದಿನಲ್ಲಿ ಮಾರ್ಫಿನ್ ಬೆರೆಸಿದರೆ ತಾಯಿಗೆ ನೋವು ಇಳಿಯುತ್ತದೆ, ಮೂಗು ಮುಖ ತುರಿಸತೊಡಗುತ್ತದೆ. ತುರಿಕೆ ನೋವಿನ ಮರಿಯೇ ಆಗಿದ್ದರೆ ತಾಯಿ ಮಲಗಿದಾಗ ಮರಿ ಎದ್ದು ಕುಣಿಯುವುದುಂಟೆ? ಮೂರನೆಯದು ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು: ಕಾದ ಕಾವಲಿಗೆ ತಾಗಿದ ಕೈ ಹಿಂದಕ್ಕೆ ಹಾರುತ್ತದೆ, ತುರಿಸುವ ಜಾಗದ ಕಡೆಗೆ ಕೈ ಮುಂದಕ್ಕೆ ಹೋಗುತ್ತದೆ. ನೋವು ಓಡಿಸುತ್ತದೆ, ತುರಿಕೆ ಕರೆಸಿಕೊಳ್ಳುತ್ತದೆ.

ಪ್ರತ್ಯಕ್ಷ ಪ್ರಮಾಣ ಬೇಕೆನ್ನುವವರಿಗೆ 1997. ಜರ್ಮನಿಯ ಎರ್ಲಾಂಗೆನ್ನಿನ ಮಾರ್ಟಿನ್ ಶ್ಮೆಲ್ಜ್ ಮತ್ತು ಸಂಗಡಿಗರು ಒಪ್ಪಿ ಬಂದವರ ಕಾಲಿನ ನರಕ್ಕೆ ಕೂದಲೆಳೆಯಂಥ ಸೂಜಿ ಇಳಿಸಿ, ಒಂದೊಂದೇ ತಂತು ಏನು ಹೇಳುತ್ತದೆಂದು ಆಲಿಸಿದರು. ಒತ್ತಿದರೂ ಉಜ್ಜಿದರೂ ಬಾಯಿಬಿಡದ ಕೆಲವು ತಂತುಗಳು ಚರ್ಮಕ್ಕೆ ಹಿಸ್ಟಮೀನ್ ಎಂಬ ರಾಸಾಯನಿಕ ಸೇರಿದೊಡನೆ ಮಿಡಿಯತೊಡಗಿದವು. ಚುಚ್ಚಿಸಿಕೊಂಡವರು ‘ತುರಿಸುತ್ತಿದೆ’ ಎನ್ನುತ್ತಿದ್ದಷ್ಟು ಹೊತ್ತೂ ಮಿಡಿದವು. ಮೈಲಿನ್ ಹೊದಿಕೆಯಿಲ್ಲದ ಈ ಸಣ್ಣ ತಂತುಗಳ ವೇಗ ಸೆಕೆಂಡಿಗೆ ಸುಮಾರು ಅರ್ಧ ಮೀಟರ್. ಸ್ಪರ್ಶದ ದಪ್ಪ ತಂತುಗಳು ಸೆಕೆಂಡಿಗೆ ಹತ್ತಾರು ಮೀಟರ್ ಓಡುತ್ತವೆ. ಅಂದರೆ ಕಾಲ ಹರಡಿನ ಮೇಲೆ ಏನೋ ಕುಳಿತಿದೆ ಎಂಬ ಸುದ್ದಿ ಕಣ್ಣು ಮಿಟುಕಿಸುವುದರೊಳಗೆ ಬೆನ್ನುಹುರಿ ಸೇರುತ್ತದೆ. ತುರಿಸುತ್ತಿದೆ ಎಂಬ ಸುದ್ದಿಗೆ ಎರಡು ಸೆಕೆಂಡು ಬೇಕು. ಕಬ್ಬನ್ ಪಾರ್ಕಿನಲ್ಲಿ ಬೆಳಗಿನ ವಾಕಿಂಗ್ ಮಾಡುವ ನಿವೃತ್ತರೂ ಇದಕ್ಕಿಂತ ಬೇಗ ನಡೆಯುತ್ತಾರೆ. ಹತ್ತು ವರ್ಷದ ಮೇಲೆ, 2007ರಲ್ಲಿ, ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಝೌ-ಫೆಂಗ್ ಚೆನ್ ತಂಡದವರು ಬೆನ್ನುಹುರಿಯ ಒಂದು ಗ್ರಾಹಕವನ್ನು ಕಳೆದುಕೊಂಡ ಇಲಿಗಳನ್ನು ಪರೀಕ್ಷಿಸಿದರು. ಅವು ಕೆರೆದುಕೊಳ್ಳುವುದನ್ನು ಬಹಳ ಮಟ್ಟಿಗೆ ಬಿಟ್ಟಿದ್ದವು, ನೋವಿಗೆ ಮಾತ್ರ ಎಂದಿನಂತೆಯೇ ಬೆಚ್ಚುತ್ತಿದ್ದವು. ಪೂರ್ವಪಕ್ಷ ಅಲ್ಲಿಗೆ ಮಕಾಡೆ ಬಿತ್ತು.

ಆಲಂಕಾರಿಕರು ಈ ವಿಷಯವನ್ನು ಬಿಟ್ಟುಬಿಟ್ಟದ್ದು ವಿಚಿತ್ರ, ಏಕೆಂದರೆ ಅವರ ಚೌಕಟ್ಟಿಗೆ ಇಷ್ಟು ಚೆನ್ನಾಗಿ ಹೊಂದುವುದು ಇನ್ನೊಂದಿಲ್ಲ. ಆಲಂಬನ ವಿಭಾವ ಸೊಳ್ಳೆ, ಉದ್ದೀಪನ ವಿಭಾವ ಬೆವರು, ಸೆಖೆ, ಹೊಸ ಉಣ್ಣೆಯ ಸ್ವೆಟರು, ಅನುಭಾವ ಕೆರೆತ, ಸಂಚಾರಿಗಳು ಔತ್ಸುಕ್ಯ, ಅಮರ್ಷ, ಸಭೆಯಲ್ಲಿದ್ದರೆ ವ್ರೀಡೆ. ಎಂಟು ಸಾತ್ವಿಕ ಭಾವಗಳಲ್ಲಿ ರೋಮಾಂಚಕ್ಕೆ ಜಾಗ ಕೊಟ್ಟರು. ಅದಾದರೋ ಕೂದಲ ಬುಡದ ಚಿಕ್ಕ ಸ್ನಾಯು ತಾನಾಗಿ ಬಿಗಿಯುವ ಕೆಲಸ, ಕೋಳಿಗೂ ಬೆಕ್ಕಿಗೂ ಸಾಧ್ಯ. ತುರಿಕೆಗೆ ಹೊರಗೇ ನಿಲ್ಲುವ ಗತಿ ಬಂತು.

ಭೇದಗಳಿಗೆ ಬರೋಣ. ಆಧುನಿಕ ವೈದ್ಯರು ನಾಲ್ಕು ಎನ್ನುತ್ತಾರೆ: ಚರ್ಮದಲ್ಲಿ ಹುಟ್ಟಿದ್ದು, ನರ ಕೆಟ್ಟು ಹುಟ್ಟಿದ್ದು, ನರ ಕೆಡದೆಯೂ ಒಳಗಿನ ರಾಸಾಯನಿಕಗಳಿಂದ ಹುಟ್ಟಿದ್ದು, ಮನಸ್ಸಿನಲ್ಲಿ ಹುಟ್ಟಿದ್ದು. ಔಷಧ ಬರೆಯುವವರಿಗೆ ಇದು ಸರಿ. ಆದರೆ ನಡುರಾತ್ರಿ ಎಚ್ಚರವಾದ ಕೈಗೆ ಈ ನಾಲ್ಕರ ಗೊಡವೆಯಿಲ್ಲ. ಕೈಯ ದೃಷ್ಟಿಯಿಂದ ತುರಿಕೆ ಆರು ಬಗೆ: ಹಸ್ತಗತ, ಹಸ್ತಾತೀತ, ಹಸ್ತವಂಚಕ, ನಿರಾಧಾರ, ಪರಕೀಯ, ಪರಹಸ್ತಾಪೇಕ್ಷಿ.

ಹಸ್ತಗತವೆಂದರೆ ಕೈಗೆ ಸಿಕ್ಕುವುದು, ಕೆರೆದರೆ ಒಂದಿಷ್ಟಾದರೂ ತಣಿಯುವುದು. ಇದರ ಆದಿಪುರುಷ ಸೊಳ್ಳೆ. ಕಚ್ಚುವುದು ಹೆಣ್ಣೇ ಆದ್ದರಿಂದ ಆದಿಸ್ತ್ರೀ ಎನ್ನಬೇಕು. ರಕ್ತ ಹೆಪ್ಪುಗಟ್ಟದಿರಲೆಂದು ಅದು ಒಳಕ್ಕೆ ಬಿಡುವ ಜೊಲ್ಲನ್ನು ನಮ್ಮ ಮೈಯ ಕಾವಲು ವ್ಯವಸ್ಥೆ ಪರಕೀಯವೆಂದು ಗುರುತಿಸುತ್ತದೆ, ಚರ್ಮದ ಮಾಸ್ಟ್ ಕೋಶಗಳು ಹಿಸ್ಟಮೀನ್ ಸುರಿಯುತ್ತವೆ. ಲಂಡನ್ನಿನ ಥಾಮಸ್ ಲೂಯಿಸ್ 1927ರಲ್ಲಿ ಇದನ್ನು ಮೂರು ಹಂತವಾಗಿ ವಿಂಗಡಿಸಿದ: ಮೊದಲು ಕೆಂಪು ಚುಕ್ಕೆ, ಆಮೇಲೆ ಸುತ್ತ ಹಬ್ಬುವ ಕೆಂಪು, ಕೊನೆಗೆ ದದ್ದು. ಒಂದು ಜಾತಿಯ ಸೊಳ್ಳೆ ಜೀವನದಲ್ಲಿ ಮೊದಲ ಸಲ ಕಚ್ಚಿದಾಗ ತುರಿಕೆ ಬರುವುದಿಲ್ಲ. ಜೊಲ್ಲಿನ ಪರಿಚಯವಾದ ಮೇಲೇ ಮೈಗೆ ಅಸಹನೆ. ಸೊಳ್ಳೆಯ ಪಾಲು ಜೊಲ್ಲು ಮಾತ್ರ, ತುರಿಕೆ ಪೂರ್ತಿ ಸ್ವಂತ ತಯಾರಿಕೆ. ಪಿತ್ತಗಂಧೆಯೂ ಇದೇ ಹಿಸ್ಟಮೀನಿನ ಕುಟುಂಬದ್ದು. ಕಜ್ಜಿಯನ್ನು ಇಲ್ಲಿ ಸೇರಿಸಬಹುದು. ಅದಕ್ಕೆ ಕಾರಣ ಅರ್ಧ ಮಿಲಿಮೀಟರ್ ಕೂಡ ಇಲ್ಲದ ಒಂದು ನುಸಿ ಎಂದು ಇಟಲಿಯ ಬೊನೊಮೊ 1687ರಲ್ಲೇ ತೋರಿಸಿದ್ದ. ಹುಳುಕಡ್ಡಿ, ಇಸಬು ಮುಂತಾದವನ್ನು ಮೆಡಿಕಲ್ ಶಾಪಿನವರು ನೋಡಿಕೊಳ್ಳುತ್ತಾರೆ.

ಹಸ್ತಗತದಲ್ಲಿ ಗಿಡಗಳ ಉಪಭೇದ ದೊಡ್ಡದು. ಸುವರ್ಣಗಡ್ಡೆ, ಕೆಸುವಿನ ಎಲೆಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳುಗಳಿವೆ. ಸರಿಯಾಗಿ ಬೇಯದ, ಹುಣಿಸೆಹುಳಿ ಸಾಲದ ಪತ್ರೊಡೆ ತಿಂದವರ ಗಂಟಲಿಗೆ ಅವುಗಳ ಪರಿಚಯವಿದೆ, ಅಲ್ಲಿಗೆ ಕೈ ಹೋಗದಿರುವುದರಿಂದ ನೀರು ಕುಡಿದು ಕೆಮ್ಮುತ್ತಾರೆ. ಕಾಂಗ್ರೆಸ್ ಗಿಡ 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ಬೆಂಗಳೂರಿನ ಖಾಲಿ ಸೈಟುಗಳನ್ನೆಲ್ಲ ಹಿಡಿಯಿತು. ಅದರ ತುರಿಕೆ ತಕ್ಷಣದ್ದಲ್ಲ, ಮೈ ಒಗ್ಗದೆ ತಡವಾಗಿ ಎದ್ದು ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ತಳವೂರುವಂಥದ್ದು. ಆದರೆ ಇವುಗಳ ಚಕ್ರವರ್ತಿ ನಸುಗುನ್ನಿ. ಸಂಸ್ಕೃತದವರು ಇದನ್ನು ಕಪಿಕಚ್ಛು ಎಂದು ಕರೆದು ಅದರ ಯಾತನೆಯನ್ನು ಮಂಗಗಳ ತಲೆಗೆ ಕಟ್ಟಿದ್ದಾರೆ. ಬೇಲಿಯ ಮೇಲೆ ಹಬ್ಬುವ ಈ ಬಳ್ಳಿಯ ಕಾಯಿ ನೋಡಲು ಕಂದು ಮಖಮಲ್ಲು. ಮೇಷ್ಟರ ಕುರ್ಚಿಯ ಮೇಲೆ ಅದನ್ನು ಉಜ್ಜಿದ ಹುಡುಗರು ನಮ್ಮ ಹಳ್ಳಿಶಾಲೆಗಳ ಇತಿಹಾಸದಲ್ಲಿ ತಲೆಮಾರಿಗೊಬ್ಬರಾದರೂ ಇದ್ದಾರೆ. ಆ ಮಖಮಲ್ಲಿನ ಒಂದೊಂದು ಮುಳ್ಳುಕೂದಲಿನಲ್ಲೂ ಪ್ರೋಟೀನು ಕತ್ತರಿಸುವ ಮ್ಯುಕುನೈನ್ ಎಂಬ ಕಿಣ್ವವಿದೆ. ಹಿಸ್ಟಮೀನಿನ ಹಂಗಿಲ್ಲದೆ, ಬೇರೆ ಗ್ರಾಹಕಗಳ ಮೂಲಕ, ಬೇರೆ ತಂತುಗಳ ಮೇಲೆ ಇದರ ಕೆಲಸ. ಆದ್ದರಿಂದ ದದ್ದು ಏಳುವುದು ಕಡಿಮೆ, ಅಲರ್ಜಿ ಮಾತ್ರೆ ನಾಟುವುದೂ ಕಡಿಮೆ. ಹಿಸ್ಟಮೀನಿಗೆ ಮದ್ದು ಕೊಟ್ಟರೂ ಎಷ್ಟೋ ತುರಿಕೆಗಳು ಜಗ್ಗದಿರುವುದೇಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕಿದವರು ಈ ಮೇಷ್ಟರ ಕುರ್ಚಿಯ ಸಾಮಗ್ರಿಯನ್ನೇ ಪ್ರಯೋಗಾಲಯಕ್ಕೆ ಒಯ್ದರು. ಇಷ್ಟು ಪೀಡಿಸುವ ಬಳ್ಳಿಗೆ ಇನ್ನೊಂದು ಮುಖವೂ ಇದೆ. ಅದರ ಬೀಜದಲ್ಲಿ ಎಲ್-ಡೋಪಾ ಇರುವುದನ್ನು 1937ರಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಪ್ರಕಟಿಸಿದರು. ಪಾರ್ಕಿನ್ಸನ್ ಕಾಯಿಲೆಯಲ್ಲಿ ನಡುಗುವ ಕೈಗಳಿಗೆ ಇಂದಿಗೂ ಕೊಡುವ ಮದ್ದು ಅದೇ ವಸ್ತು.

ಹಸ್ತಾತೀತ: ಕೈಗೆ ಎಟುಕದ್ದು. ಇದರ ಮುಖ್ಯ ಕ್ಷೇತ್ರ ನಡುಬೆನ್ನು. ಎಟುಕದಿರುವುದು ಅರ್ಧ ಸಂಕಟ ಮಾತ್ರ. ಮಿಕ್ಕರ್ಧ, ಎಲ್ಲಿ ಎಂದು ಹೇಳಲಾಗದಿರುವುದು. ಜರ್ಮನಿಯ ವೇಬರ್ 1834ರಲ್ಲಿ ಕೈವಾರದ ಎರಡು ಮೊನೆಗಳನ್ನು ಮೈಮೇಲೆಲ್ಲ ಇಟ್ಟು ನೋಡಿದ. ಬೆರಳತುದಿಯಲ್ಲಿ ಎರಡು ಮೂರು ಮಿಲಿಮೀಟರ್ ಅಂತರವಿದ್ದರೂ ಎರಡು ಎಂದು ತಿಳಿಯುತ್ತದೆ. ಬೆನ್ನಿನ ಮೇಲೆ ನಾಲ್ಕು ಸೆಂಟಿಮೀಟರ್ ಅಂತರವಿಟ್ಟರೂ ಒಂದೇ ಎನ್ನಿಸುತ್ತದೆ. ಮಿದುಳಿನ ಮೇಲೆ ಮೈಯ ನಕ್ಷೆ ಬರೆದ ಕೆನಡಾದ ಪೆನ್‌ಫೀಲ್ಡ್ ತುಟಿಗೂ ಬೆರಳಿಗೂ ಎಕರೆಗಟ್ಟಲೆ ಜಾಗ ಸಿಕ್ಕಿರುವುದನ್ನೂ, ಬೆನ್ನಿಗೆ ಗುಂಟೆಯಷ್ಟೂ ಸಿಗದಿರುವುದನ್ನೂ ಕಂಡ. ಸಂಸಾರಗಳಲ್ಲಿ ಸಂಜೆ ಹೊತ್ತು ನಡೆಯುವ ಸಂವಾದಕ್ಕೆ ಇದೇ ಭಾಷ್ಯ.

‘ಇಲ್ಲೇನ್ರೀ?’

‘ಸ್ವಲ್ಪ ಮೇಲೆ ಕಣೇ. ಎಡಕ್ಕೆ. ಅಯ್ಯೋ, ದಾಟಿಬಿಟ್ಟೆ.’

‘ಮೊದಲು ಅಲ್ಲೇ ಅಂದ್ರಲ್ಲ?’

‘ಆವಾಗ ಅಲ್ಲಿತ್ತು.’

ತುರಿಕೆ ಜಾಗ ಬದಲಿಸಿಲ್ಲ. ನಕ್ಷೆಯೇ ಒರಟು. ಹೆಂಡತಿಯ ಬೆರಳತುದಿಯ ನಿಖರತೆಗೂ ಗಂಡನ ಬೆನ್ನಿನ ಅಂದಾಜಿಗೂ ನಡುವೆ ಇಪ್ಪತ್ತು ಪಟ್ಟಿನ ಅಂತರವಿರುವಾಗ ಬೈಗುಳ ಸಹಜ. ಹೆಗಲಮೂಳೆಯ ಒಳಅಂಚಿನಲ್ಲಿ, ಅದೂ ಒಂದೇ ಬದಿಗೆ, ವರ್ಷಗಟ್ಟಲೆ ತುರಿಸುವ ಒಂದು ಬಗೆಯಿದೆ. ಅದು ಚರ್ಮದ ರೋಗವಲ್ಲ. ಬೆನ್ನುಮೂಳೆಯಿಂದ ಹೊರಡುವ ನರ ಒತ್ತಿಹೋದಾಗ ಬರುವಂಥದ್ದೆಂದು ವೈದ್ಯರ ಎಣಿಕೆ. ಮುಲಾಮು ಹಚ್ಚಿದವರಿಗೆ ಚರ್ಮ ನುಣುಪಾಗುತ್ತದೆ, ಅಷ್ಟೆ.

ಹಸ್ತವಂಚಕದಲ್ಲಿ ಕೈ ತಲುಪುತ್ತದೆ, ಕೆರೆಯುತ್ತದೆ, ಫಲವಿಲ್ಲ. ಪಿತ್ತನಾಳ ಕಟ್ಟಿಕೊಂಡ ಕಾಮಾಲೆಯಲ್ಲಿ ಅಂಗೈ ಅಂಗಾಲುಗಳು ರಾತ್ರಿಯೆಲ್ಲ ತುರಿಸುತ್ತವೆ, ಅಲ್ಲಿ ಒಂದು ಗುಳ್ಳೆಯೂ ಕಾಣುವುದಿಲ್ಲ. ಮೂತ್ರಪಿಂಡ ಸೋತು ಡಯಾಲಿಸಿಸ್ ಮೇಲಿರುವವರ ತುರಿಕೆಯೂ ಹೀಗೆಯೇ, ನಿದ್ದೆ ಕೆಡಿಸುತ್ತದೆ, ಅಲರ್ಜಿ ಮಾತ್ರೆಗೆ ಬಗ್ಗುವುದಿಲ್ಲ. ಇದು ತಮಾಷೆಯ ವಿಷಯವಲ್ಲವೆಂದು ಗ್ರಂಥಕರ್ತನಿಗೂ ಗೊತ್ತು. ಇವರಿಗೆಂದೇ 2021ರಲ್ಲಿ ಅಮೆರಿಕದಲ್ಲಿ ಡಿಫೆಲಿಕೆಫಾಲಿನ್ ಎಂಬ ಚುಚ್ಚುಮದ್ದಿಗೆ ಅನುಮತಿ ಸಿಕ್ಕಿತು. ಅದೂ ಅಫೀಮಿನ ಗ್ರಾಹಕಗಳ ಮೇಲೆಯೇ ಕೆಲಸ ಮಾಡುತ್ತದೆ, ಆದರೆ ಮಾರ್ಫಿನ್ ಹಿಡಿಯುವ ಗ್ರಾಹಕವನ್ನು ಬಿಟ್ಟು ಇನ್ನೊಂದನ್ನು. ಒಂದೇ ಮನೆತನದ ಒಂದು ಬಾಗಿಲು ತಟ್ಟಿದರೆ ತುರಿಕೆ ಏಳುತ್ತದೆ, ಪಕ್ಕದ್ದು ತಟ್ಟಿದರೆ ಮಲಗುತ್ತದೆ.

ನಿರಾಧಾರ: ಕತ್ತರಿಸಿಹೋದ ಕೈಯ ತುರಿಕೆ. ಚರ್ಮವಿಲ್ಲ, ನುಸಿಯಿಲ್ಲ, ಕೆರೆಯಲು ಜಾಗವೇ ಇಲ್ಲ. ಮಿದುಳಿನ ನಕ್ಷೆಯಲ್ಲಿ ಕೈಯ ನೆರೆ ಮುಖ. ಕೈ ಹೋದ ಕೆಲವರ ಕೆನ್ನೆ ಮುಟ್ಟಿದರೆ ಇಲ್ಲದ ಬೆರಳುಗಳನ್ನು ಮುಟ್ಟಿದಂತಾಗುತ್ತದೆಂದು ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ತೋರಿಸಿಕೊಟ್ಟರು. ಅಂಥವರು ಇಲ್ಲದ ಕೈ ತುರಿಸಿದಾಗ ಇರುವ ಕೆನ್ನೆಯನ್ನು ಕೆರೆದು ನೋಡಬಹುದು.

ಪರಕೀಯವೆಂದರೆ ಬೇರೆಯವರಿಂದ ಅಂಟಿದ್ದು, ಹುಳುವಿನಿಂದಲ್ಲ, ನೋಟದಿಂದ. ಜರ್ಮನಿಯಲ್ಲಿ ಸಂಶೋಧಕರು ತುರಿಕೆಯ ಬಗ್ಗೆ ಸಾರ್ವಜನಿಕ ಉಪನ್ಯಾಸವೊಂದನ್ನು ಏರ್ಪಡಿಸಿ ಸಭಿಕರ ಮೇಲೆ ಗುಟ್ಟಾಗಿ ಕ್ಯಾಮೆರಾ ಇಟ್ಟರು. ಚಿಗಟ, ನುಸಿ, ಕೆರೆದ ಗುರುತುಗಳ ಚಿತ್ರ ತೋರಿಸುವಾಗ ಸಭೆ ಹೆಚ್ಚು ಕೆರೆದುಕೊಂಡಿತು. ಕೂಸಿನ ಮೈ, ಮೆತ್ತನೆಯ ಗರಿಗಳ ಚಿತ್ರ ಬಂದಾಗ ಕಡಿಮೆಯಾಯಿತು. ಉಪನ್ಯಾಸಗಳಲ್ಲಿ ಜನ ಕೆರೆದುಕೊಳ್ಳುವುದಕ್ಕೆ ಬೇಸರವೊಂದೇ ಕಾರಣವಲ್ಲ ಎಂದು ಭಾಷಣಕಾರರು ಸಮಾಧಾನಪಟ್ಟುಕೊಳ್ಳಬಹುದು. ಮಕಾಕ್ ಜಾತಿಯ ಮಂಗಗಳೂ ಇನ್ನೊಂದು ಮಂಗ ಕೆರೆದುಕೊಳ್ಳುವುದನ್ನು ನೋಡಿ ಕೆರೆದುಕೊಳ್ಳುತ್ತವೆ.

ಕೊನೆಯದು ಪರಹಸ್ತಾಪೇಕ್ಷಿ, ಅಂದರೆ ಕಚಗುಳಿ. ಇದನ್ನು ತುರಿಕೆಯ ವಂಶಕ್ಕೆ ಸೇರಿಸಬೇಕೇ ಎಂಬುದರಲ್ಲಿ ವಿವಾದವಿದೆ. 1897ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಹಾಲ್ ಮತ್ತು ಆರ್ಥರ್ ಆಲಿನ್ ಕಚಗುಳಿಯನ್ನೇ ಎರಡಾಗಿ ಸೀಳಿದರು: ಇರುವೆ ಹರಿದಂತೆ ಹಗುರವಾಗಿ ತಾಗುವುದು ಒಂದು, ಕಂಕುಳಿಗೆ ಬೆರಳು ಹಾಕಿ ನಗಿಸುವುದು ಇನ್ನೊಂದು. ಮೊದಲನೆಯದಕ್ಕೆ ಕೈ ಹೋಗಿ ಉಜ್ಜಿಕೊಳ್ಳುತ್ತದೆ, ಆದ್ದರಿಂದ ಅದು ತುರಿಕೆಯ ದಾಯಾದಿ. ಎರಡನೆಯದು ನಮ್ಮದೇ ಕೈಗೆ ಒಲಿಯುವುದಿಲ್ಲ. ಕಾರಣವನ್ನು 1998ರಲ್ಲಿ ಲಂಡನ್ನಿನ ಸಾರಾ-ಜೇನ್ ಬ್ಲೇಕ್‌ಮೋರ್ ಮತ್ತು ಜೊತೆಯವರು ಮಿದುಳಿನ ಸ್ಕ್ಯಾನ್ ಮಾಡಿ ಹೇಳಿದರು. ಕೈ ಚಲಿಸುವ ಮೊದಲೇ ಅದರ ಸ್ಪರ್ಶ ಹೇಗಿರುತ್ತದೆಂದು ಕಿರುಮಿದುಳು ಊಹಿಸಿ ಮುಂಚೆಯೇ ತಗ್ಗಿಸಿಬಿಡುತ್ತದೆ. ಮರುವರ್ಷ ಅವರು ನಡುವೆ ಒಂದು ಯಂತ್ರವಿಟ್ಟು ತಮ್ಮದೇ ಕೈಯ ಚಲನೆ ಸೆಕೆಂಡಿನ ಹತ್ತನೆಯ ಒಂದೆರಡು ಭಾಗ ತಡವಾಗಿ ತಲುಪುವಂತೆ ಮಾಡಿದಾಗ ಕಚಗುಳಿ ಹೆಚ್ಚಿತು. ಊಹೆಗೂ ವಾಸ್ತವಕ್ಕೂ ನಡುವೆ ಅಷ್ಟು ಸಂದು ಸಿಕ್ಕರೆ ಸ್ವಂತ ಕೈಯೂ ಪರಹಸ್ತವೇ. ಆದರೆ ಸ್ವಂತ ಕೆರೆತ ತುರಿಕೆಯನ್ನು ಚೆನ್ನಾಗಿಯೇ ತಣಿಸುತ್ತದೆ. ಆದ್ದರಿಂದ ನನ್ನ ತೀರ್ಪು: ನಗೆಯ ಕಚಗುಳಿ ಈ ವಂಶಕ್ಕೆ ಮದುವೆಯಾಗಿ ಬಂದದ್ದು, ರಕ್ತಸಂಬಂಧವಲ್ಲ. ಕಾಲು ಮಡಿಸಿ ಕುಳಿತಾಗ ಹಿಡಿಯುವ ಜೋಮು ಅದೂ ಅಲ್ಲ. ಒತ್ತಿಗೆ ಸಿಕ್ಕು ರಕ್ತ ಸಾಲದಾದ ನರ ಮತ್ತೆ ಏಳುವಾಗಿನ ಗೊಂದಲ ಅದು, ಕೆರೆದವರುಂಟೆ? ಕಾಲು ಕೊಡವುತ್ತಾರೆ. ಅದಕ್ಕೆ ಬೇರೆ ಗ್ರಂಥವಾಗಬೇಕು.

ಕೆರೆತದಿಂದ ಏನಾಗುತ್ತದೆ? ಉಗುರು ಸಣ್ಣ ನೋವು ಮಾಡುತ್ತದೆ, ಬೆನ್ನುಹುರಿಯಲ್ಲಿ ಆ ನೋವು ತುರಿಕೆಯ ಸುದ್ದಿಯನ್ನು ತಡೆಯುತ್ತದೆ. ಪಿತ್ತಗಂಧೆಯೆದ್ದ ಮೈಯನ್ನು ಕರಿಕಂಬ‌ಳಿಯಿಂದ ಉಜ್ಜುತ್ತಿದ್ದ ಅಜ್ಜಿಯರ ವಿಧಾನದಲ್ಲಿ ಈ ತರ್ಕ ಅಡಗಿದೆ. ಆದರೆ ನೋವಿಗೆಂದು ಮಿದುಳಿನ ಬುಡದಿಂದ ಇಳಿದು ಬರುವ ಸೆರೊಟೋನಿನ್ ಬೆನ್ನುಹುರಿಯಲ್ಲಿ ತುರಿಕೆಯನ್ನೇ ಮತ್ತೆ ಕೆಣಕುತ್ತದೆಂದು 2014ರಲ್ಲಿ ಇಲಿಗಳಲ್ಲಿ ಕಂಡುಬಂತು. ಕೆರೆದಷ್ಟೂ ತುರಿಸುವುದಕ್ಕೆ ಇದೊಂದು ಕಾರಣ. ಕೆರೆಯಬೇಡವೆಂದು ಮಕ್ಕಳ ಕೈಗೆ ಹೊಡೆಯುವವರ ಪಕ್ಷ ಅಲ್ಲಿಗೆ ಗೆದ್ದಂತಾಯಿತು ಎನ್ನುವಷ್ಟರಲ್ಲಿ, 2025ರಲ್ಲಿ ಪಿಟ್ಸ್‌ಬರ್ಗಿನ ಡಾನಿಯಲ್ ಕಾಪ್ಲನ್ ತಂಡ ಎದುರು ಪಕ್ಷಕ್ಕೂ ಒಂದು ಅಂಕ ಕೊಟ್ಟಿತು: ಕೆರೆತ ಊತವನ್ನು ಹೆಚ್ಚಿಸುತ್ತದೆ ನಿಜ, ಜೊತೆಗೆ ಚರ್ಮದ ಮೇಲಿನ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾವನ್ನು ಕಡಿಮೆಯೂ ಮಾಡುತ್ತದೆ, ಇಲಿಗಳಲ್ಲಿ. ಇನ್ನು ಕೆರೆತದ ಸುಖ. ಒಪ್ಪಿ ಬಂದವರ ಮುಂಗೈ, ಬೆನ್ನು, ಕಾಲ ಹರಡಿಗೆ ನಸುಗುನ್ನಿಯ ಕೂದಲನ್ನೇ ಉಜ್ಜಿ, ಕೆರೆದಾಗ ಎಲ್ಲಿ ಹೆಚ್ಚು ಹಿತವೆಂದು ಅಳೆದ ಗಿಲ್ ಯೊಸಿಪೊವಿಚ್ ಮತ್ತಿತರರ 2012ರ ಅಧ್ಯಯನದಲ್ಲಿ ಕಾಲ ಹರಡು ಗೆದ್ದಿತು. ಮುಂಗೈ ಕೊನೆಗುಳಿಯಿತು. ಇದಕ್ಕೆ 2019ರಲ್ಲಿ ಇಗ್ ನೊಬೆಲ್ ಎಂಬ ತಮಾಷೆಯ ಬಹುಮಾನ ಬಂತು, ಅದೂ ಶಾಂತಿ ವಿಭಾಗದಲ್ಲಿ.

ಪರಿಹಾರಗಳಲ್ಲಿ ಹಿರಿಯದು ಚರಕನದು. ಮದ್ದುಗಳನ್ನು ಹತ್ತತ್ತರ ಐವತ್ತು ಗುಂಪು ಮಾಡಿದ ಆತ ಒಂದು ಗುಂಪನ್ನು ಪೂರ್ತಿ ತುರಿಕೆಗೇ ಬಿಟ್ಟುಕೊಟ್ಟಿದ್ದಾನೆ. ಅದರಲ್ಲಿ ಶ್ರೀಗಂಧ, ಬೇವು, ಹೊಂಗೆ, ಕಕ್ಕೆ, ಸಾಸಿವೆಗಳಿವೆ. ಮದ್ದೇ ಬೇಡದ ಇನ್ನೊಂದು 2013ರಲ್ಲಿ ಜರ್ಮನಿಯ ಲ್ಯೂಬೆಕ್‌ನಿಂದ ಬಂತು. ಬಲ ಮುಂಗೈಗೆ ಹಿಸ್ಟಮೀನ್ ಚುಚ್ಚಿ ತುರಿಕೆ ಎಬ್ಬಿಸಿದರು. ಎಡ ಮುಂಗೈಯ ಅದೇ ಜಾಗದಲ್ಲಿ ಬರೀ ಕೆಂಪು ಬಣ್ಣದ ಚುಕ್ಕೆ ಬರೆದರು. ಎಡಗೈ ಬಲಗೈಯೆಂದು ತೋರುವಂತೆ ಕನ್ನಡಿ ಇಟ್ಟು, ಏನೂ ಆಗದ ಎಡಗೈಯನ್ನು ಕೆರೆದರು. ತುರಿಸುತ್ತಿದ್ದ ಬಲಗೈಗೆ ತಕ್ಕಮಟ್ಟಿಗೆ ಹಾಯೆನಿಸಿತು. ಗಾಯವಾಗದಂತೆ ಕೆರೆಯುವ ಈ ಉಪಾಯಕ್ಕೆ ಬೇಕಾದದ್ದು ಒಂದು ಕನ್ನಡಿ, ಒಂದಿಷ್ಟು ಕುಂಕುಮ. ಆದರೆ ಎಡ ಬಲ ಎಂದು ಜೋಡಿಯಿರುವ ಅಂಗಗಳಿಗೆ ಮಾತ್ರ ಇದು ಸಲ್ಲುತ್ತದೆ. ನಡುಬೆನ್ನಿಗೆ ಜೋಡಿಯಿಲ್ಲ, ಹಸ್ತಾತೀತದವರು ಮನೆಯ ಕಂಬವನ್ನೋ ಬಾಗಿಲ ಚೌಕಟ್ಟಿನ ಮೂಲೆಯನ್ನೋ ನೋಡಿಕೊಳ್ಳತಕ್ಕದ್ದು.